ಕೊರಿಯಾದ ಧಾರಾವಾಹಿಗಳೂ ನಮ್ಮ ಕೆಮರಾವೂ

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಪರೀಕ್ಷಾಫಲಗಳ ವಿಷಯವಾಗಿಯೋ ಕಟ್ಟಡದ ನಿಧಿಯ ವಿಷಯವಾಗಿಯೋ ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬಹುದು. ಅವೆರಡೂ ವಾರ್ಷಿಕ ವರದಿಯಲ್ಲಿಯೇ ಬಂದಿರುವುದರಿಂದ ಇಲ್ಲಿ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಕಳೆದ ಪೋಷಕರ ಸಭೆಯಲ್ಲಿ ತಂದೆಯವರೊಬ್ಬರು ಎದ್ದುನಿಂತು, ಹೆಣ್ಣುಮಕ್ಕಳು ಕೊರಿಯಾ ದೇಶದ ಧಾರಾವಾಹಿಗಳನ್ನು ನೋಡಿ ಕೆಡುತ್ತಿರುವರೆಂದೂ ಶಾಲೆಯವರು ಇದನ್ನು ನಿಷೇಧಿಸಬೇಕೆಂದೂ ಹೇಳಿದರು. ಹಲವರು ತಲೆದೂಗಿದರು. ನಿದ್ದೆಗೆಟ್ಟು ನೋಡುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಧಾರಾವಾಹಿಗಳನ್ನೇ ಖಂಡಿಸೆಂದರೆ ನಮ್ಮಿಂದಾಗದು. ಸುಮಾರು ಇಪ್ಪತ್ತು ವರ್ಷಗಳಿಂದ ನಾವೇ ಅವುಗಳನ್ನು ಪ್ರೀತಿಯಿಂದ ನೋಡುತ್ತ ಬಂದಿದ್ದೇವೆ.

ಮೊದಲು ನೋಡಿದ್ದು ‘ಡೇ ಜಾಂಗ್ ಗಮ್’ ಎಂಬುದನ್ನು. ಕೊರಿಯಾದಲ್ಲಿ 2003ರಿಂದ 2004ರ ವರೆಗೆ ಪ್ರಸಾರವಾದ ಈ ಐವತ್ತನಾಲ್ಕು ಕಂತುಗಳ ಕಥೆಯು 2006ರಲ್ಲಿ ಹಿಂದೀ ಮಾತುಗಳೊಡನೆ ನಮ್ಮ ದೂರದರ್ಶನದಲ್ಲಿ ಬಂದಿತು. ಆಗ ನಾವು ಉಪಾಧ್ಯಾಯಿನಿಯರ ತರಬೇತನ್ನು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆವು. ಅನಾಥೆಯಾದ ಹುಡುಗಿಯೊಬ್ಬಳು ಅರಮನೆಯ ಅಡಿಗೆಮನೆಗೆ ಸೇರುತ್ತಾಳೆ. ಮಾಡದ ತಪ್ಪಿಗಾಗಿ ಜೇಜು ದ್ವೀಪಕ್ಕೆ ಗಡೀಪಾರಾಗುತ್ತಾಳೆ. ಅಲ್ಲಿ ವೈದ್ಯವನ್ನು ಕಲಿತು ಹಿಂದಿರುಗಿ ಕಡೆಗೆ ಅರಸನಿಗೇ ಚಿಕಿತ್ಸೆಮಾಡುವವಳಾಗುತ್ತಾಳೆ. ಹದಿನಾರನೆಯ ಶತಮಾನದಲ್ಲಿ ಆಳಿದ ಜುಂಗ್‌ಜೋಂಗ್ ಅರಸನ ದಿನಚರಿಗಳಲ್ಲಿ ಈ ಹೆಸರಿನ ವೈದ್ಯೆಯ ಉಲ್ಲೇಖವಿದೆ. ಮಿಕ್ಕುದೆಲ್ಲ ಬಹುಮಟ್ಟಿಗೆ ಕಥೆಗಾರ್ತಿಯ ಕಲ್ಪನೆ. ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ನೋಡುತ್ತಿದ್ದ ಬೇರೆ ಕಥೆಗಳಲ್ಲಿ ಅತ್ತೆಸೊಸೆಯರ ಜಗಳವಲ್ಲದೆ ಮತ್ತೇನೂ ಇರುತ್ತಿರಲಿಲ್ಲ. ಇಲ್ಲಿಯೋ ಹುಡುಗಿಯೊಬ್ಬಳು ಪರೀಕ್ಷೆಗಾಗಿ ಗಿಡಮೂಲಿಕೆಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಇಂಥದನ್ನು ಉಪಾಧ್ಯಾಯಿನಿಯು ಹೇಗೆ ದ್ವೇಷಿಸಬೇಕು?

ಮಕ್ಕಳು ಇದರಿಂದ ಪರದೇಶದ ಮಾತುಗಳನ್ನು ಕಲಿಯುತ್ತಾರೆಂಬ ದೂರೂ ಉಂಟು. ಕೊರಿಯನ್ನರು ತಂದೆಯನ್ನು ‘ಆಪ್ಪಾ’ ಎಂದೂ ತಾಯಿಯನ್ನು ‘ಒಮ್ಮಾ’ ಎಂದೂ ಕರೆಯುತ್ತಾರೆ. ಅವರ ವಾಕ್ಯದಲ್ಲಿಯೂ ಕ್ರಿಯಾಪದವು ಕೊನೆಗೆ ಬರುವುದು; ಹಿರಿಯರೊಡನೆ ಆಡುವಾಗ ಕ್ರಿಯಾಪದದ ರೂಪವೇ ಬೇರೆಯಾಗುವುದು. ಇದರಿಂದ ಎರಡು ಭಾಷೆಗಳಿಗೂ ರಕ್ತಸಂಬಂಧವಿದೆಯೆಂದು ಯಾರೂ ಸಾಧಿಸಹೋಗಬಾರದು. ಆದರೂ ಒಂಬತ್ತನೆಯ ತರಗತಿಯಲ್ಲಿ ಕನ್ನಡ ವ್ಯಾಕರಣವನ್ನು ಕಹಿಮದ್ದಿನಂತೆ ನುಂಗುವ ಹುಡುಗಿಯರು, ‘ಬಾ’ ‘ಬನ್ನಿ’ ಎಂಬುವುಗಳ ಭೇದದಂಥದು ಕೊರಿಯನ್ನಿನಲ್ಲಿಯೂ ಉಂಟೆಂದು ತಾವಾಗಿಯೇ ಬಂದು ಹೇಳುತ್ತಾರೆ.

ನಮ್ಮ ಎರಡನೆಯ ಹುಚ್ಚು ಪ್ರಯಾಣದಲ್ಲಿ ಪಟ ತೆಗೆಯುವುದು. ಹೋದ ವಸಂತಕಾಲದಲ್ಲಿ, ಹಲವು ವರ್ಷ ಕೂಡಿಟ್ಟ ಹಣದಿಂದ, ತಂಗಿಯೊಡನೆ ಕೊರಿಯಾಕ್ಕೆ ಹೋಗಿಬಂದೆವು. ಹಾನ್ ನದಿಯ ಉತ್ತರದ ಕವಲಿನಲ್ಲಿ ನಾಮಿ ಎಂಬ ಅರ್ಧಚಂದ್ರಾಕಾರದ ದ್ವೀಪವಿದೆ. ಜಪಾನಿನವರ ಆಳಿಕೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ನೀರೇರಿ ದ್ವೀಪವಾದ ಸ್ಥಳವದು. 2002ರ ‘ವಿಂಟರ್ ಸೊನಾಟಾ’ ಎಂಬ ಕಥೆಯನ್ನು ಅಲ್ಲಿಯ ಸಾಲುಮರಗಳ ನಡುವೆ ಚಿತ್ರಿಸಿದಂದಿನಿಂದ ಜನರು ದೇಶದೇಶಗಳಿಂದ ಬರುತ್ತಿದ್ದಾರೆ. ಸಾಲಿನ ತುದಿಯಲ್ಲಿ ಒಬ್ಬೊಬ್ಬರಾಗಿ ನಿಂತು, ಅದೇ ಭಂಗಿಯಲ್ಲಿ ಅದೇ ಪಟವನ್ನು ತೆಗೆಸಿಕೊಂಡು, ಫೋನಿನಲ್ಲಿ ನೋಡಿ ತೃಪ್ತರಾಗಿ ಹೊರಟುಹೋಗುತ್ತಿದ್ದರು. ಮರಗಳನ್ನು ತಲೆಯೆತ್ತಿ ನೋಡಿದವರು ಕಡಿಮೆ. ನಾವು ಸುಮಾರು ಒಂದು ಗಂಟೆ ಕಾದು, ಎಲೆಗಳ ನಡುವೆ ಬಿಸಿಲು ಓರೆಯಾಗಿ ಬಿದ್ದಾಗ, ಕಸಗುಡಿಸುತ್ತಿದ್ದವನು ತನ್ನ ಪೊರಕೆಯನ್ನೂರಿ ನಿಂತ ಪಟವೊಂದನ್ನು ಅವನ ಅನುಮತಿಯಿಂದ ತೆಗೆದೆವು. ನಮ್ಮ ಪಟಗಳಲ್ಲಿ ನಮಗೆ ಮೆಚ್ಚಿಕೆಯಾದುದು ಅದೊಂದೇ ಎಂದರೂ ಸಲ್ಲುವುದು.

ಧಾರಾವಾಹಿಯ ಮೇಲೆ ನಿಜವಾದ ಆಕ್ಷೇಪಣೆ ಇರುವುದಾದರೆ ಅದು ಇಲ್ಲಿ, ಎಂದರೆ ನೋಡುವವರ ನಡತೆಯಲ್ಲಿ. ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ಸರೋವರದ ತೀರದಲ್ಲಿ ಇಸೆಲ್ಟ್‌ವಾಲ್ಡ್ ಎಂಬ ಸುಮಾರು ನಾನೂರು ಜನರ ಹಳ್ಳಿಯುಂಟು. 2019-20ರ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಎಂಬುದರಲ್ಲಿ ನಾಯಕನು ಅಲ್ಲಿಯ ದೋಣಿಗಟ್ಟೆಯ ಮೇಲೆ ಪಿಯಾನೋ ಬಾರಿಸುತ್ತಾನೆ. ಆದಕಾರಣ ಆ ಮರದ ಗಟ್ಟೆಯ ಮೇಲೆ ನಿಲ್ಲುವುದಕ್ಕೆ ಬಂದವರ ಗುಂಪನ್ನು ತಾಳಲಾರದೆ, 2023ರಲ್ಲಿ ಹಳ್ಳಿಯವರು ಅಡ್ಡಗಂಬವಿಟ್ಟು ಐದು ಫ್ರಾಂಕು ಸುಂಕವನ್ನು ವಿಧಿಸಿದರು. ಸಿಯೋಲಿನ ಬುಕ್‌ಚೋನ್ ಎಂಬ ಹಳೆಯ ಹೆಂಚಿನ ಮನೆಗಳ ಕೇರಿಯ ನಿವಾಸಿಗಳು ತಮ್ಮ ಬಾಗಿಲಿಗೇ ಕೆಮರಾ ಹಿಡಿಯುವವರಿಂದ ಬೇಸತ್ತರು. ಅಲ್ಲಿಯ ಅಧಿಕಾರಿಗಳು ಒಂದು ಭಾಗಕ್ಕೆ ಸಂಜೆ ಐದರಿಂದ ಮರುದಿನ ಬೆಳಿಗ್ಗೆ ಹತ್ತರ ವರೆಗೆ ಪ್ರವಾಸಿಗಳು ಬರಕೂಡದೆಂದು 2024ರ ನವೆಂಬರಿನಲ್ಲಿ ಗೊತ್ತುಪಡಿಸಿ, 2025ರ ಮಾರ್ಚಿನಿಂದ ಮೀರಿದವರಿಗೆ ಒಂದು ಲಕ್ಷ ವಾನ್ ದಂಡವನ್ನು ಹಾಕಿದರು. ದಂಡವು ಹೆಚ್ಚಾಯಿತೆಂದು ನಮ್ಮ ತಂಗಿಯ ಮತ. ನಮಗೆ ಹಾಗೆ ತೋರಲಿಲ್ಲ.

ಜೇಜು ದ್ವೀಪದಲ್ಲಿ ‘ಹೇನ್ಯೊ’ ಎಂಬ ಮುಳುಗುಗಾರ್ತಿಯರಿದ್ದಾರೆ. ಉಸಿರು ಹಿಡಿದು ಕಡಲ ತಳಕ್ಕಿಳಿದು ಚಿಪ್ಪಿನ ಜೀವಿಗಳನ್ನು ತೆಗೆಯುವ ಇವರ ಕಸಬನ್ನು 2016ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಎಂಬ ಕಥೆಯಲ್ಲಿ ಕವಿಯಾಗಬೇಕೆಂಬ ಹುಡುಗಿಯ ತಾಯಿ ಇಂಥವಳೇ. ತನ್ನ ಮಗಳು ಮಾತ್ರ ಈ ಕಸಬಿಗೆ ಇಳಿಯಬಾರದೆಂಬುದು ಅವಳ ಹಟ. ನೀರಿನಿಂದ ಮೇಲೆ ಬಂದೊಡನೆ ಅವರು ಬಿಡುವ ಉಸಿರು ಸಿಳ್ಳಿನಂತೆ ಕೇಳಿಸುತ್ತದೆ. ಹಿಂದೆ ಸೋರೆಬುರುಡೆಯನ್ನು ತೇಲುಕಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಈಗ ಬಂದಿರುವುದು ಬೆಂಡಿನಂಥ ಹಗುರವಾದ ವಸ್ತು. ದಡದಲ್ಲಿ ಬಲೆಚೀಲವನ್ನು ಬಿಚ್ಚುತ್ತಿದ್ದ ಎಪ್ಪತ್ತು ದಾಟಿದಂತೆ ಕಂಡ ಅಜ್ಜಿಯೊಬ್ಬರಿಗೆ ಕೆಮರಾವನ್ನು ತೋರಿಸಿ ಸನ್ನೆಯಿಂದ ಕೇಳಿದೆವು. ಅವರು ಒದ್ದೆಕೈಯನ್ನು ಅಡ್ಡಲಾಗಿ ಆಡಿಸಿದರು. ನಾವು ಕೆಮರಾವನ್ನು ಚೀಲದಲ್ಲಿಟ್ಟು ಪಕ್ಕದ ಬಂಡೆಯ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಕಿತ್ತಳೆಹಣ್ಣನ್ನು ಕೊಟ್ಟರು.

ಸಿಯೋಲಿನ ಜೊಂಗ್‌ದೋಂಗ್ ಬೀದಿಯನ್ನು ಹೇಳದೆ ಮುಗಿಸಲಾರೆವು. ಅಲ್ಲಿ ಇಹ್ವಾ ಬಾಲಿಕಾ ಪ್ರೌಢಶಾಲೆಯಿದೆ. 1886ರಲ್ಲಿ ಮೇರಿ ಸ್ಕ್ರಾಂಟನ್ ಎಂಬ ಮೆಥೊಡಿಸ್ಟ್ ಮಿಶನರಿ ಮಾತೆಯು ಒಬ್ಬಳೇ ವಿದ್ಯಾರ್ಥಿನಿಯಿಂದ ಆರಂಭಿಸಿದ ಶಾಲೆಯದು. ಮುಂದೆ ಅದರಿಂದಲೇ ದೊಡ್ಡ ಮಹಿಳಾ ವಿಶ್ವವಿದ್ಯಾಲಯವೂ ಬೆಳೆಯಿತು. 1919ರಲ್ಲಿ ಸ್ವಾತಂತ್ರ್ಯಕ್ಕಾಗಿ ಘೋಷಿಸಿ, ಮರುವರ್ಷ ಜಪಾನೀ ಸೆರೆಮನೆಯಲ್ಲಿ ಹದಿನೇಳರ ಹರೆಯದಲ್ಲಿಯೇ ಮಡಿದ ಯೂ ಗ್ವಾನ್-ಸೂನ್ ಅಲ್ಲಿಯ ವಿದ್ಯಾರ್ಥಿನಿ. ಧಾರಾವಾಹಿಗಳನ್ನು ನೋಡಿರದಿದ್ದರೆ ಆ ಬೀದಿಯ ವರೆಗೆ ನಾವು ಹೋಗುತ್ತಲೇ ಇರಲಿಲ್ಲ. ಕೆಂಪಿಟ್ಟಿಗೆಯ ಹಳೆಯ ಕಟ್ಟಡದ ಪಟವನ್ನು ನಮ್ಮ ವಾಚನಾಲಯದಲ್ಲಿ ಹಾಕಿಸಿದ್ದೇವೆ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಮಗಳ ಫೋನನ್ನು ಕಸಿದುಕೊಳ್ಳುವ ಮೊದಲು ಒಂದು ಕಂತನ್ನಾದರೂ ಅವಳ ಪಕ್ಕದಲ್ಲಿ ಕುಳಿತು ನೋಡಿರಿ. ಹತ್ತು ಗಂಟೆಗೆ ನಿಲ್ಲಿಸುವ ಅಧಿಕಾರವು ಆಗ ತಾನಾಗಿ ನಿಮಗೆ ಬರುವುದು. ಪೂರ್ವವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತು. ಹಳೆಯ ವಿದ್ಯಾರ್ಥಿನಿಯರ ದಿನದಂದು ನೀವು ಪ್ರೀತಿಯಿಂದಲೇ ಬೋರ್ಡಿಂಗಿನ ಚಿಕ್ಕ ಹುಡುಗಿಯರು ಊಟಮಾಡುವುದನ್ನೂ ಬಟ್ಟೆ ಒಗೆಯುವುದನ್ನೂ ಪಟ ತೆಗೆದು ಲೋಕಕ್ಕೆಲ್ಲ ಹಂಚುತ್ತೀರಿ. ಹೋದ ವರ್ಷ ಏಳನೆಯ ತರಗತಿಯ ಮಗುವೊಂದು ಇದಕ್ಕಾಗಿ ಅತ್ತಿತು. ಅವಳು ಹರಿದ ಲಂಗದಲ್ಲಿದ್ದಳು. ಈ ವರ್ಷದಿಂದ ಹುಡುಗಿಯನ್ನೂ ವಾರ್ಡನರನ್ನೂ ಕೇಳದೆ ಬೋರ್ಡಿಂಗಿನಲ್ಲಿ ಯಾರೂ ಪಟ ತೆಗೆಯಕೂಡದೆಂದು ಗೊತ್ತುಮಾಡಿದ್ದೇವೆ. ಬೋರ್ಡಿಂಗಿನ ಬಾಗಿಲಲ್ಲಿ ಫೋನುಗಳನ್ನಿಡಲು ಒಂದು ಬುಟ್ಟಿಯಿರುವುದು.