ಮುಂದಿನ ಮಹಾಮಾರಿಗೆ ಮುನ್ನ ಗಡಿ ದಾಟುವ ಸಿದ್ಧತೆ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವುದೆಂದರೆ ದೊಡ್ಡ ಪಟ್ಟಣದವರಿಗೆ ಅದು ವಿಹಾರದ ಮಾತಾದೀತು. ನಮ್ಮ ಜಿಲ್ಲೆಯ ಕನ್ನಡ ಮನೆಗಳಿಗೆ ಹಾಗಲ್ಲ. ಹೆಂಡತಿಯ ತವರು ವಿಟ್ಲದಲ್ಲಿ, ಮಗನ ಕಾಲೇಜು ಪುತ್ತೂರಿನಲ್ಲಿ, ತಂದೆಯ ಡಯಾಲಿಸಿಸ್ ಮಂಗಳೂರಿನಲ್ಲಿ, ಹರಕೆ ಸಲ್ಲಬೇಕಾದ ದೇವರು ಸುಳ್ಯದ ಆಚೆ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಬಿದ್ದರೂ ನೆಂಟಸ್ತಿಕೆಯ ನಡುವೆ ಗೆರೆ ಬೀಳಲಿಲ್ಲ. ಆದುದರಿಂದ ನಮ್ಮ ಪಾಲಿಗೆ ಮಹಾಮಾರಿಯ ಕಾಲದ ಪ್ರಯಾಣವೆಂದರೆ ಗಡಿ ದಾಟುವ ಪ್ರಯಾಣ. ಅದಕ್ಕೆ ನಾವು ಎಷ್ಟರಮಟ್ಟಿಗೆ ಸಿದ್ಧರಿದ್ದೇವೆ, ನಮ್ಮ ಎರಡು ಸರಕಾರಗಳು ಎಷ್ಟರಮಟ್ಟಿಗೆ ಸಿದ್ಧವಾಗಿವೆ ಎಂಬುದನ್ನು ರೋಗವಿಲ್ಲದ ಈ ದಿನಗಳಲ್ಲಿಯೇ ಕೇಳಿಕೊಳ್ಳಬೇಕಾಗಿದೆ.

2020ರ ಮಾರ್ಚ್ ತಿಂಗಳನ್ನು ಓದುಗರು ಮರೆತಿರಲಾರರು. ಕರ್ನಾಟಕವು ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಆಗ ಕಾಸರಗೋಡಿನಲ್ಲಿ ರೋಗಿಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದುದು ನಿಜ. ಆಚೆಯವರ ಭಯಕ್ಕೆ ಕಾರಣವೇ ಇರಲಿಲ್ಲವೆನ್ನುವಂತಿಲ್ಲ. ಆದರೆ ಆ ಭಯಕ್ಕೆ ಬೆಲೆ ತೆತ್ತವರು ಬಹುಪಾಲು ಕೊರೋನಾ ಇಲ್ಲದ ರೋಗಿಗಳು. ಸುಮಾರು 50 ಕಿಲೋಮೀಟರು ದೂರದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹೃದ್ರೋಗಿಗಳು, ಮೂತ್ರಪಿಂಡದ ರೋಗಿಗಳು ಗಡಿಯಿಂದ ಹಿಂದಿರುಗಬೇಕಾಯಿತು. ಕೆಲವರು ಮತ್ತೆ ಏಳಲಿಲ್ಲ. ಎಪ್ರಿಲ್ 1ರಂದು ಕೇರಳ ಹೈಕೋರ್ಟು ಹೆದ್ದಾರಿಯ ತಡೆಯನ್ನು ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳನ್ನು ಬಿಡುವ ಬಗೆಗೆ ಎರಡು ರಾಜ್ಯಗಳ ನಡುವೆ ಒಪ್ಪಿಗೆಯಾಗಿದೆಯೆಂದು ಎಪ್ರಿಲ್ 7ರಂದು ಅಲ್ಲಿ ತಿಳಿಸಲಾಗಿ, ಪ್ರಕರಣ ಮುಗಿಯಿತು.

ಆ ಒಪ್ಪಿಗೆಯಲ್ಲಿ ಬ್ರಹ್ಮವಿದ್ಯೆಯೇನೂ ಇರಲಿಲ್ಲ. ರೋಗಿಯನ್ನು ಗಡಿಯಲ್ಲಿ ವೈದ್ಯರು ನೋಡುವುದು, ಕಾಗದ ಪರಿಶೀಲಿಸುವುದು, ಆಂಬುಲೆನ್ಸನ್ನು ಬಿಡುವುದು, ಇಷ್ಟೇ. ಇಷ್ಟನ್ನು ಬರೆಯಲು ಎರಡು ವಾರ ಮತ್ತು ಎರಡು ನ್ಯಾಯಾಲಯಗಳು ಬೇಕಾದುವು.

ಆಮೇಲಿನದು ಕಾಗದಗಳ ಕಾಲ. ಕೇರಳದೊಳಗೆ ಬರಲು ‘ಜಾಗ್ರತಾ’ ಜಾಲತಾಣದ ಪಾಸು, ಕರ್ನಾಟಕಕ್ಕೆ ಹೋಗಲು ‘ಸೇವಾಸಿಂಧು’ವಿನ ಪಾಸು. ಎರಡು ದಿನಕ್ಕೆಂದು ಆಚೆ ಹೋದವನು ಹಿಂದಿರುಗಿ ಹದಿನಾಲ್ಕು ದಿನ ಕೋಣೆಯೊಳಗೆ. 2021ರ ಫೆಬ್ರವರಿಯಿಂದ ಕೇರಳದವರಿಗೆ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನು ಕರ್ನಾಟಕ ಕೇಳಿತು. ತಲಪಾಡಿ, ಸಾರಡ್ಕ, ಜಾಲ್ಸೂರು ಮೊದಲಾದ ಕೆಲವೇ ಕಡೆಗಳಲ್ಲಿ ಪ್ರವೇಶ. ಅದೇ ವರ್ಷ ಆಗಸ್ಟಿನಲ್ಲಿ ಎರಡು ಡೋಸು ಲಸಿಕೆ ಹಾಕಿಸಿಕೊಂಡವರಿಗೂ ವರದಿಯಿಂದ ವಿನಾಯಿತಿಯಿರಲಿಲ್ಲ.

ಆ ಆಗಸ್ಟಿನ ಕೊನೆಯಲ್ಲಿ ನಮ್ಮ ಅಕ್ಕನ ಮಗಳ ಮದುವೆ ಗಡಿಯಾಚೆ ನಿಶ್ಚಯವಾಗಿತ್ತು. ನಾನು, ಹೆಂಡತಿ, ಮಗಳು ಮತ್ತು 74 ವರ್ಷದ ಅಮ್ಮ. ಎರಡು ದಿನ ಮೊದಲು ನಾಲ್ವರೂ ಪರೀಕ್ಷೆಗೆ ಕೊಟ್ಟೆವು. ಮುಂಜಾನೆ ಹೊರಡುವ ಹೊತ್ತಿಗೆ ನಾಲ್ಕು ವರದಿಗಳೂ ಮೊಬೈಲಿಗೆ ಬಂದಿದ್ದುವು. ಗಡಿಯಲ್ಲಿ ಮೂವರದು ಸರಿಯಾಯಿತು. ಅಮ್ಮನ ಆಧಾರ್ ಕಾರ್ಡಿನಲ್ಲಿ ‘ಲಕ್ಷ್ಮಿ ಅಮ್ಮ’, ಪ್ರಯೋಗಾಲಯದ ಕಾಗದದಲ್ಲಿ ‘ಲಕ್ಷ್ಮಣ’, ಎದುರಿಗೆ ಗಂಡಸು ಎಂದು ಗುರುತು. ಅಲ್ಲಿದ್ದ ಪೋಲೀಸಿನವರು ಒರಟರಲ್ಲ. “ಅಜ್ಜೀ, ನಿಮ್ಮನ್ನು ಬಿಟ್ಟರೆ ನನ್ನ ಕೆಲಸ ಹೋದೀತು” ಎಂದರು. ಅಮ್ಮ ಕಾರಿನಿಂದ ಇಳಿದು, “ಮಗಾ, ನನ್ನನ್ನು ನೋಡಿದರೆ ಗಂಡಸಿನ ಹಾಗೆ ಕಾಣುತ್ತದಾ?” ಎಂದು ಕೇಳಿದರು. ಅವರೂ ನಕ್ಕರು, ನಾವೂ ನಕ್ಕೆವು. ತಡೆಗಂಬ ಮಾತ್ರ ಏಳಲಿಲ್ಲ. ಪ್ರಯೋಗಾಲಯದ ಬಾಗಿಲು ತೆರೆದು, ತಿದ್ದಿದ ವರದಿ ಬರುವಾಗ ಮೂರೂವರೆ ಗಂಟೆ ಕಳೆದಿತ್ತು. ನಾವು ಮುಟ್ಟುವಾಗ ಧಾರೆ ಮುಗಿದು ಊಟದ ಎರಡನೇ ಪಂಕ್ತಿ ಏಳುತ್ತಿತ್ತು. ಮೊಮ್ಮಗಳ ಧಾರೆ ನೋಡಲಾಗಲಿಲ್ಲವೆಂದು ಅಮ್ಮ ಇಂದಿಗೂ ಹೇಳುವುದಿದೆ.

ನಮ್ಮವರ ಹೆಸರು ಪಡಿತರ ಚೀಟಿಯಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ‘ಭಟ್ಟ’ರು ಒಂದಕ್ಷರ ಕಳಕೊಳ್ಳುತ್ತಾರೆ, ‘ಶೆಟ್ಟಿ’ಯವರು ಒಂದಕ್ಷರ ಗಳಿಸುತ್ತಾರೆ. ಸಾಧಾರಣ ಕಾಲದಲ್ಲಿ ಇದು ತಮಾಷೆಯ ವಿಷಯ. ಗಡಿ ಮುಚ್ಚಿದ ಕಾಲದಲ್ಲಿ ಇದೇ ದಾರಿಗೆ ಅಡ್ಡ ಬರುತ್ತದೆ. ಹಾಗಾಗಿ ಮನೆಯವರು ಮಾಡಬೇಕಾದ ಸಿದ್ಧತೆಯಲ್ಲಿ ನನ್ನ ಮಟ್ಟಿಗೆ ಮೊದಲನೆಯದು ಮಾಸ್ಕೂ ಅಲ್ಲ, ಸಾನಿಟೈಸರೂ ಅಲ್ಲ. ಎಲ್ಲರ ಎಲ್ಲ ದಾಖಲೆಗಳಲ್ಲಿ ಹೆಸರು, ವಯಸ್ಸು ಒಂದೇ ರೀತಿ ಇದೆಯೇ ಎಂದು ನೋಡುವುದು. ಎರಡನೆಯದು ವೃದ್ಧರ ಔಷಧಿ ಚೀಟಿಯ ನಕಲು, ಮತ್ತು ಎರಡು ದಿನದ ಪ್ರಯಾಣವಾದರೂ ಒಂದು ತಿಂಗಳಿಗೆ ಸಾಕಾಗುವ ಮದ್ದು. 2020ರಲ್ಲಿ ನೆಂಟರ ಮನೆಗೆಂದು ಹೋಗಿ ವಾರಗಟ್ಟಲೆ ಅಲ್ಲೇ ಉಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ರೋಗದ ವಿಚಾರ. ನೆಗೆಟಿವ್ ವರದಿಯನ್ನು ನಾವೆಲ್ಲ ರಕ್ಷಾಕವಚವೆಂದು ತಿಳಿದುಕೊಂಡೆವು. ಅದು ಗಂಟಲಿನ ದ್ರವವನ್ನು ತೆಗೆದ ಆ ಹೊತ್ತಿನ ಮಾತು ಮಾತ್ರ. ವೈರಾಣು ದೇಹ ಹೊಕ್ಕು ಮೊದಲ ಒಂದೆರಡು ದಿನ ಪರೀಕ್ಷೆಗೆ ಸಿಗದಿರಬಹುದು. ಪರೀಕ್ಷೆಯ ಮರುದಿನ ಪೇಟೆಯಲ್ಲಿ ಜವಳಿ ಕೊಳ್ಳುವಾಗ ತಗಲಲೂಬಹುದು. ಕಾಗದ ತೃಪ್ತಿಪಡಿಸುವುದು ಗಡಿಯ ಪೋಲೀಸರನ್ನು. ಆಚೆ ಮನೆಯ ಅಜ್ಜನಿಗೆ ಅದರಿಂದ ಪೂರ್ಣ ರಕ್ಷಣೆಯಿಲ್ಲ. ಪ್ರಯಾಣಕ್ಕೆ ಮುಂಚಿನ ನಾಲ್ಕಾರು ದಿನ ಜನಜಂಗುಳಿಯಿಂದ ದೂರವಿರುವುದು, ಮನೆಯ ಹಿರಿಯರಿಗೆ ಲಸಿಕೆ ಆಗಿದೆಯೋ ಎಂದು ನೋಡುವುದು, ಜ್ವರ ಯಾ ಕೆಮ್ಮು ಇರುವವರನ್ನು ಮುಲಾಜಿಲ್ಲದೆ ಬಿಟ್ಟು ಹೋಗುವುದು ಇದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಈ ರೋಗ ಗಾಳಿಯಿಂದಲೂ ಹರಡುವುದೆಂದು ಮೊದಮೊದಲು ಸರಿಯಾಗಿ ಹೇಳದೆ ನಮ್ಮನ್ನು ಕೈ ತೊಳೆಯಲು ಹಚ್ಚಿದರು. ಕೈ ತೊಳೆಯುವುದು ಒಳ್ಳೆಯದೇ. ಆದರೆ ಕಿಟಕಿ ಮುಚ್ಚಿ ಏಸಿ ಹಾಕಿದ ಕಾರಿನಲ್ಲಿ ಒಬ್ಬನಿಗೆ ರೋಗವಿದ್ದರೆ ಉಳಿದವರೆಲ್ಲ ಅವನುಸಿರನ್ನೇ ಉಸಿರಾಡುತ್ತಾರೆ. ಬಾಡಿಗೆ ಕಾರಿನಲ್ಲಿ ಹೊರಗಿನ ಚಾಲಕನಿದ್ದರಂತೂ ಕಿಟಕಿ ಇಳಿಸುವುದು, ಮಾಸ್ಕ್ ಹಾಕುವುದು ಎರಡೂ ಬೇಕು. ಬುತ್ತಿ ಕಟ್ಟಿಕೊಂಡು ಹೋಗುವ ಹಳೆಯ ಕ್ರಮ ಎಷ್ಟೋ ಮನೆಗಳಲ್ಲಿ ಆಗ ಮರಳಿ ಬಂತು. ನಮ್ಮ ಮನೆಯಲ್ಲಿ ಉಳಿಯಲಿಲ್ಲ, ಒಪ್ಪುತ್ತೇನೆ.

ಮನೆಯವರ ಸಿದ್ಧತೆ ಇಷ್ಟಾದರೆ, ಸರಕಾರಗಳ ಸಿದ್ಧತೆ ಏನು? ವರದಿಯ ನಿಯಮವನ್ನು 2022ರ ಫೆಬ್ರವರಿಯಲ್ಲಿ ಹಿಂದೆಗೆದುಕೊಂಡರು; 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಾಲ್ಕು ತಿಂಗಳಾಗುವಷ್ಟರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಿತು. ಕರ್ನಾಟಕ ತನ್ನ ಗಡಿ ಜಿಲ್ಲೆಗಳಲ್ಲಿ ಕಣ್ಗಾವಲಿಗೆ ಆಜ್ಞೆಯಿತ್ತು, ರೋಗವಿರುವ ಪ್ರದೇಶಗಳಿಗೆ ಅನಗತ್ಯ ಪ್ರಯಾಣ ಬೇಡವೆಂದಿತು. ಆ ಸಲ ರಸ್ತೆಗೆ ಮಣ್ಣು ಬೀಳಲಿಲ್ಲ. ಆದರೆ ಕೇರಳದಲ್ಲಿ 2018ರಿಂದ ನಿಪಾ ಮತ್ತೆ ಮತ್ತೆ ತಲೆಯೆತ್ತುತ್ತಿರುವಾಗ, ಮುಂದಿನ ಸಲವೂ ಹಾಗೆಯೇ ಆದೀತೆಂದು ನಂಬಿ ಕೂರುವಂತಿಲ್ಲ.

ಬೇಕಾದುದು ಶಾಂತಿಕಾಲದಲ್ಲಿ ಬರೆದಿಟ್ಟ ಒಂದು ಒಪ್ಪಂದ, ಎರಡು ಜಿಲ್ಲಾಧಿಕಾರಿಗಳ ರುಜು ಇರುವಂಥದು. ಯಾವ ರೋಗಿಯನ್ನು ಯಾವ ಕಾಗದದ ಮೇಲೆ ತಕ್ಷಣ ಬಿಡಬೇಕು. 72 ಗಂಟೆಗಳನ್ನು ಮಾದರಿ ತೆಗೆದಲ್ಲಿಂದ ಎಣಿಸಬೇಕೋ, ವರದಿ ಬಂದಲ್ಲಿಂದಲೋ. ದಿನವೂ ದಾಟುವ ವಿದ್ಯಾರ್ಥಿಗೂ ಕೂಲಿಯವನಿಗೂ ಯಾವ ಪಾಸು. ಹೆಸರಿನ ಅಕ್ಷರ ತಪ್ಪಿದ್ದರೆ ಯಾರು ತೀರ್ಮಾನಿಸಬೇಕು. ಜೊತೆಗೆ ಈ ಕಡೆಯ ಪ್ರಕಟಣೆಗಳೆಲ್ಲ ಕನ್ನಡದಲ್ಲಿಯೂ ಇರಬೇಕು. ಮಂಜೇಶ್ವರದ ವೃದ್ಧೆಯೊಬ್ಬರು ತಮ್ಮ ಕ್ವಾರಂಟೈನಿನ ನಿಯಮವನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿ ತಿಳಿಯಬೇಕಾದರೆ, ಆ ಹುಡುಗನನ್ನು ಹತ್ತಿರ ಕರೆಯದೆ ಹೇಗೆ?

ಗಡಿಯ ಎರಡೂ ಬದಿಯ ಶಾಸಕರಿಗೆ ಇದನ್ನು ಕೇಳಲು ಚುನಾವಣೆಯೇ ಬರಬೇಕೆಂದಿಲ್ಲ. ಕಳೆದ ರಜೆಯಲ್ಲಿ ಅಮ್ಮನ ದಾಖಲೆಗಳನ್ನೆಲ್ಲ ಒಂದೇ ಹೆಸರಿಗೆ ತರಲು ಮೂರು ಕಚೇರಿ ಅಲೆದೆ. ಎರಡು ಸರಿಯಾಗಿವೆ, ಪಡಿತರ ಚೀಟಿ ಬಾಕಿಯಿದೆ.