ಟೆಫ್ ಧಾನ್ಯದ ಪಾಠ: ನ್ಯಾಯಯುತ ಖರೀದಿ ಎಂದರೇನು?

ಸಿರಿಧಾನ್ಯಗಳಿಗೆ ಮಾರುಕಟ್ಟೆ ವಿಸ್ತರಿಸುತ್ತಿರುವ ಈ ದಿನಗಳಲ್ಲಿ ‘ಸಣ್ಣ ರೈತರಿಂದ ನ್ಯಾಯಯುತವಾಗಿ ಖರೀದಿಸಿದ್ದು’ ಎಂಬ ಬರಹ ಪೊಟ್ಟಣಗಳ ಮೇಲೆ ಕಾಣಿಸಿಕೊಳ್ಳುತ್ತಿದೆ. ಬೆಳೆದವರ ಪಾಲಿಗೆ ಈ ಮಾತು ನಿಜವಾಗುವುದು ಯಾವಾಗ? ಇಥಿಯೋಪಿಯಾದ ಟೆಫ್ ಧಾನ್ಯದ ಅನುಭವವನ್ನು ರೈತ ಬಾಂಧವರು ಅವಶ್ಯವಾಗಿ ಗಮನಿಸಬೇಕು.

ಟೆಫ್, ಗಸಗಸೆಯಂತಹ ಸಣ್ಣ ಕಾಳಿನ, ಗ್ಲುಟೆನ್ ರಹಿತ ಧಾನ್ಯ. ಇದರ ಹಿಟ್ಟನ್ನು ಹುದುಗಿಸಿ ದೋಸೆಯಂತೆ ಹುಯ್ಯುವ ಇಂಜೆರಾ ಅಲ್ಲಿಯ ನಿತ್ಯದ ಆಹಾರ. 60 ಲಕ್ಷಕ್ಕೂ ಅಧಿಕ ಸಣ್ಣ ಹಿಡುವಳಿ ಕುಟುಂಬಗಳು ಇದನ್ನು ಬೆಳೆಯುತ್ತವೆ. ತಲೆಮಾರುಗಳಿಂದ ತಳಿಗಳನ್ನು ಆಯ್ದು ಉಳಿಸಿಕೊಂಡು ಬಂದವರೂ ಇವರೇ.

ಕಾಗದದಲ್ಲೇ ಉಳಿದ ಒಪ್ಪಂದ

2005ರಲ್ಲಿ ಇಥಿಯೋಪಿಯಾದ ಸರ್ಕಾರಿ ಸಂಸ್ಥೆಗಳು ನೆದರ್ಲೆಂಡ್ಸ್‌ನ ಕಂಪನಿಯೊಂದರೊಡನೆ ಟೆಫ್ ತಳಿಗಳ ಬಳಕೆ ಹಾಗೂ ಲಾಭ ಹಂಚಿಕೆಯ ಒಪ್ಪಂದ ಮಾಡಿಕೊಂಡವು. ಆಗ ಅದು ಮಾದರಿ ಒಪ್ಪಂದವೆನಿಸಿತ್ತು. ಆದರೆ 2007ರಲ್ಲಿ ಟೆಫ್ ಹಿಟ್ಟಿನ ಸಂಸ್ಕರಣೆಯ ಮೇಲೆ ಕಂಪನಿಯ ಕಡೆಗೆ ಯುರೋಪಿನ ಪೇಟೆಂಟ್ ದೊರೆಯಿತು. 2009ರಲ್ಲಿ ಕಂಪನಿ ದಿವಾಳಿಯಾಯಿತು. ಇಥಿಯೋಪಿಯಾಕ್ಕೆ ಸಂದಾಯವಾದದ್ದು ಕೇವಲ ಸುಮಾರು 4,000 ಯೂರೋ. ಒಪ್ಪಂದ ನಿಷ್ಫಲವಾಯಿತು, ಪೇಟೆಂಟ್ ಮಾತ್ರ ಬೇರೆಯವರ ಕೈಯಲ್ಲಿ ಮುಂದುವರಿಯಿತು. ಕೊನೆಗೆ 2018ರಲ್ಲಿ ಹೇಗ್ ನಗರದ ನ್ಯಾಯಾಲಯವು ನೆದರ್ಲೆಂಡ್ಸ್‌ನಲ್ಲಿ ಅದನ್ನು ಅಸಿಂಧುವೆಂದು ತೀರ್ಪಿತ್ತಿತು.

ನಿಷೇಧದ ಎರಡು ಮುಖ

ದೇಶದೊಳಗೆ ಬೆಲೆ ಏರಿ ಬಡವರ ತಟ್ಟೆಗೆ ಇಂಜೆರಾ ಎಟುಕದಂತಾಗಬಾರದೆಂದು ಸರ್ಕಾರ 2006ರಲ್ಲಿ ಟೆಫ್ ಕಾಳಿನ ರಫ್ತನ್ನು ನಿಷೇಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ವಿದೇಶದ ಬೆಲೆ ಸಣ್ಣ ರೈತರ ಕೈತಪ್ಪಿತು. ಅಮೆರಿಕ ಮುಂತಾದೆಡೆ ಬೆಳೆದ ಟೆಫ್ ಆ ಮಾರುಕಟ್ಟೆಯಲ್ಲಿ ನೆಲೆಯೂರಿತು. ಬೆಳೆಗಾರರ ಆದಾಯ ಮತ್ತು ಊರಿನವರ ಊಟ, ಇವೆರಡನ್ನೂ ಕಾಯದ ಖರೀದಿ ಪೂರ್ಣ ನ್ಯಾಯವೆನಿಸದು.

ನಾವು ಗಮನಿಸಬೇಕಾದ ಅಂಶಗಳು

ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕದ ಎತ್ತರದ ನಾಡೇ. ರಾಗಿ, ಸಾಮೆ, ಕೊರಲೆಗಳ ನಾಟಿ ತಳಿಗಳನ್ನು ಅರಸಿ ಕಂಪನಿಗಳು ಬಂದಾಗ:

• ಧಾನ್ಯ ಮಾರುವುದು ಬೇರೆ, ತಳಿ ಅಭಿವೃದ್ಧಿಗಾಗಿ ಬೀಜ ಕೊಡುವುದು ಬೇರೆ. ಎರಡನೆಯದಕ್ಕೆ ಮುನ್ನ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಡನೆ ಸಮಾಲೋಚಿಸಿರಿ.
• ನಿಮ್ಮ ನಾಟಿ ತಳಿಯನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಅಡಿ ‘ರೈತರ ತಳಿ’ಯಾಗಿ ನೋಂದಾಯಿಸಲು ಅವಕಾಶವಿದೆ.
• ದರ, ತೇವಾಂಶದ ಮಿತಿ, ತೂಕ ಮಾಡುವವರು, ಹಣ ಪಾವತಿಯ ಗಡುವು, ಇವೆಲ್ಲ ಕನ್ನಡದಲ್ಲಿ ಲಿಖಿತವಾಗಿರಲಿ.
• ಲಾಭದ ಪಾಲಿನ ಭರವಸೆಯನ್ನೇ ನೆಚ್ಚದೆ, ಒಂದಂಶವನ್ನು ಮುಂಗಡವಾಗಿ ಪಡೆಯಿರಿ. ಕಂಪನಿ ಕೈಬದಲಾದರೆ ಹೊಣೆಯೂ ಹೊಸ ಮಾಲೀಕರಿಗೆ ವರ್ಗವಾಗುವ ಷರತ್ತು ಇರಲಿ.
• ಒಬ್ಬೊಬ್ಬರೇ ಸಹಿ ಹಾಕದೆ ರೈತ ಉತ್ಪಾದಕ ಸಂಸ್ಥೆಯ ಮೂಲಕ ವ್ಯವಹರಿಸಿರಿ. ಮನೆಯ ಊಟಕ್ಕೆ, ಮುಂದಿನ ಬಿತ್ತನೆಗೆ ಬೇಕಾದಷ್ಟನ್ನು ಮೊದಲು ಎತ್ತಿಡಿರಿ.

ವಿಸ್ತರಣಾ ಕಾರ್ಯಕರ್ತರು ಸಹಿಗೆ ಮುನ್ನವೇ ಕರಾರುಪತ್ರವನ್ನು ರೈತರ ಸಭೆಯಲ್ಲಿ ಓದಿ ವಿವರಿಸುವುದು ಸೂಕ್ತ. ಇಥಿಯೋಪಿಯಾದವರ ಬಳಿ ಒಪ್ಪಂದವಿತ್ತು. ಅದನ್ನು ಜಾರಿಗೊಳಿಸುವ ದಾರಿ ಇರಲಿಲ್ಲ. ನಮ್ಮ ಕರಾರುಗಳಲ್ಲಿ ಆ ದಾರಿ ಮೊದಲೇ ಬರೆದಿರಲಿ.