ಜಾಹೀರಾತಿಗೆ ಸುದ್ದಿಯ ವೇಷ ಬೇಡ



ಕಳೆದ ಚುನಾವಣೆ ಹೊತ್ತಿನಲ್ಲಿ ನಮ್ಮೂರ ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ಪತ್ರಿಕೆ ಹರಡಿಕೊಂಡು ಕೂತಿದ್ದೆ. ಅಭ್ಯರ್ಥಿಯೊಬ್ಬರ ಮೆರವಣಿಗೆಗೆ ‘ಜನಸಾಗರ’ ಹರಿದುಬಂದ ವರದಿ ಎರಡರಲ್ಲೂ ಇತ್ತು. ಅದೇ ಫೋಟೊ, ಅದೇ ಸಾಲುಗಳು; ಅಚ್ಚಿನ ತಪ್ಪೂ ಅದೇ! ಆ ಮೆರವಣಿಗೆಯನ್ನು ನಾನೂ ನೋಡಿದ್ದೆ. ಸಾಗರ ಹಾಗಿರಲಿ, ಕುಂಟೆಯಷ್ಟೂ ಇರಲಿಲ್ಲ. ಒಂದು ಪತ್ರಿಕೆಯಲ್ಲಿ ತಳದಲ್ಲೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ ‘ಜಾಹೀರಾತು’ ಎಂದಿತ್ತು, ಇನ್ನೊಂದರಲ್ಲಿ ಅದೂ ಇಲ್ಲ. ಪಕ್ಕದಲ್ಲಿದ್ದ ಹಿರಿಯರು ‘ಪೇಪರಲ್ಲೇ ಬಂದಿದೆಯಲ್ಲ, ಗೆದ್ದ ಹಾಗೇ ಬಿಡಿ’ ಎಂದರು.

ಇಂಥ ‘ಕಾಸಿಗಾಗಿ ಸುದ್ದಿ’ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಕೊಟ್ಟಿದೆ. ಚುನಾವಣೆ ಬಂದಾಗ ಇಂಥವನ್ನು ಪರಿಶೀಲಿಸಲು ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯೂ ಇರುತ್ತದೆ. ಸಾಬೀತಾದರೆ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಆದರೆ ನಮ್ಮಂಥವರು ದೂರು ಕೊಡುವುದು ಎಲ್ಲಿ? ಸಮಿತಿಯ ವಿಳಾಸ, ಫೋನ್ ನಂಬರನ್ನು ಜಿಲ್ಲಾಡಳಿತ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಲಿ. ಜಾಹೀರಾತಿನ ದುಡ್ಡಿಲ್ಲದೆ ಪತ್ರಿಕೆ ನಡೆಯದು, ಒಪ್ಪುತ್ತೇನೆ. ‘ಜಾಹೀರಾತು’ ಎಂಬ ಪದವನ್ನು ತಲೆಬರಹಕ್ಕಿಂತ ಮೇಲೆ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಕೆ ಅಚ್ಚು ಹಾಕಿ ಎಂಬುದಷ್ಟೇ ವಿನಂತಿ.

– ಹಳೆಯ ಓದುಗ, ಅರಸೀಕೆರೆ